ಸರ್ವ್‌ಗೆ ಎಂಟು ಸೆಕೆಂಡು, ಯೋಗಕ್ಕೆ ಒಂದು ಗಂಟೆ

ವಾಲಿಬಾಲ್ ಮ್ಯಾಚು, ಐದನೇ ಸೆಟ್, 13-14, ಸರ್ವ್ ನಮ್ಮದು. ಸೀಟಿ ಬಿದ್ದದ್ದೇ ತಡ, ಹುಡುಗ ಚೆಂಡು ಎತ್ತಿ ಹೊಡೆದ. ನೆಟ್‌ಗೆ ಬಡಿಯಿತು, ಮ್ಯಾಚ್ ಹೋಯಿತು. ಮರುದಿನವೇ ಮ್ಯಾನೇಜ್‌ಮೆಂಟಿನ ಫರ್ಮಾನು: ಮನಸ್ಸು ಗಟ್ಟಿಯಿಲ್ಲ, ಬೆಳಿಗ್ಗೆ ಇನ್ನೊಂದು ಗಂಟೆ ಯೋಗ ಸೇರಿಸಿ.

ಯೋಗಕ್ಕೇನೂ ಕೊರತೆ ಇರಲಿಲ್ಲ. ಚಾಪೆಯ ಮೇಲೆ ಆ ಹುಡುಗನಷ್ಟು ನಿಶ್ಚಲವಾಗಿ ಕೂರುವವರು ತಂಡದಲ್ಲೇ ಇಲ್ಲ. ಆದರೆ ಕೂತಾಗಿನ ನಾಡಿ ಬೇರೆ, ಉದ್ದದ ರ‍್ಯಾಲಿ ಮುಗಿಸಿ ಏದುಸಿರು ಬಿಡುವಾಗಿನ ನಾಡಿ ಬೇರೆ. ಅಲ್ಲಿ ಕಲಿತ ಉಸಿರು ಇಲ್ಲಿ ತಾನಾಗಿ ಒದಗುವುದಿಲ್ಲ. ಅದನ್ನೂ ಕೋರ್ಟಿನಲ್ಲೇ ರೂಢಿ ಮಾಡಿಸಬೇಕು.

ಉಸಿರು ಕಟ್ಟಿದರೆ ಭುಜ ಮೇಲೇರುತ್ತದೆ, ಮುಂಗೈ ಬಿಗಿಯುತ್ತದೆ, ಸರ್ವ್‌ಗೆಂದು ಚೆಂಡು ಮೇಲೆಸೆಯುವ ಟಾಸ್ ಗಿಡ್ಡವಾಗುತ್ತದೆ ಇಲ್ಲವೇ ತೀರಾ ಮುಂದಕ್ಕೆ ಹೋಗುತ್ತದೆ. ಆಗ ಅಂಗೈ ಚೆಂಡಿಗೆ ತಾಗುವುದು ಕೆಳಮಟ್ಟದಲ್ಲಿ. ಚೆಂಡು ತಿರುಗದಂತೆ ಹೊಡೆಯುವ ಫ್ಲೋಟ್ ಸರ್ವ್ ಆದರಂತೂ ನೇರ ನೆಟ್‌ಗೇ. ಸೀಟಿಯಾದ ಮೇಲೆ ನಿಯಮ ಕೊಡುವುದು 8 ಸೆಕೆಂಡು. ಅಷ್ಟರಲ್ಲಿ ಮೂಗಿನಿಂದ 2 ಸೆಕೆಂಡು ಒಳಕ್ಕೆ, 4 ಸೆಕೆಂಡು ನಿಧಾನ ಹೊರಕ್ಕೆ. ಹೊರಬಿಡುವಾಗ ಭುಜ ಇಳಿಯಬೇಕು, ಕಣ್ಣು ಎದುರಿನ ಅಂಗಳದ ಒಂದೇ ಜಾಗದಲ್ಲಿ ನಿಲ್ಲಬೇಕು. ಉಳಿದ 2 ಸೆಕೆಂಡು ಟಾಸ್ ಮತ್ತು ಹೊಡೆತಕ್ಕೆ. ಅವಸರ ಅನ್ನಿಸಿದರೆ ಉಸಿರನ್ನು ಸೀಟಿಗೆ ಮೊದಲೇ, ಚೆಂಡು ಕೈಗೆ ಬಂದ ಕೂಡಲೇ ಶುರು ಮಾಡಿದರಾಯಿತು.

ಇದನ್ನು ದಣಿವಿನಲ್ಲೇ ಮಾಡಿಸಬೇಕು. ನೆಟ್ ಬಳಿ ಎದುರಾಳಿಯ ಹೊಡೆತ ತಡೆಯುವಂತೆ ಮೂರು ಬ್ಲಾಕ್ ಜಿಗಿತ, ಹಿಂಗೆರೆವರೆಗೆ ಓಟ, ಒಂದು ಉಸಿರು, ಒಂದೇ ಒಂದು ಸರ್ವ್. ತಿರುಗಿ ನೆಟ್‌ಗೆ. ಹೀಗೆ ಹತ್ತು ಸುತ್ತು. ನಿಂತಲ್ಲೇ ನಿಂತು ಇಪ್ಪತ್ತು ಸರ್ವ್ ಹೊಡೆದರೆ ಐದನೆಯದರ ಹೊತ್ತಿಗೆ ಕೈ ಪಳಗಿರುತ್ತದೆ, ನೋಡುವವರಿಗೂ ಖುಷಿ. ಮ್ಯಾಚಿನಲ್ಲಿ ಆ ಐದನೆಯ ಸರ್ವ್ ಯಾರಿಗೆ ಸಿಗುತ್ತದೆ?

ಇನ್ನು ಮ್ಯಾಚಿನ ದಿನದ ಯೋಗ. ಒಂದೊಂದು ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಎಳೆದು ಹಿಡಿದು ತಕ್ಷಣ ಆಡಿಸಿದರೆ ಸ್ವಲ್ಪ ಹೊತ್ತು ಜಿಗಿತ ತಗ್ಗುತ್ತದೆ. ಕೂತು ಮುಂದಕ್ಕೆ ಬಾಗಿ ಹಿಡಿಯುವ ಪಶ್ಚಿಮೋತ್ತಾನಾಸನದಂಥವು ಸಂಜೆಗಿರಲಿ. ವಾರ್ಮ್ ಅಪ್‌ಗೆ ಎಲ್ಲೂ ತಡೆಯದೆ ನಾಲ್ಕಾರು ಸೂರ್ಯನಮಸ್ಕಾರ, ಆಮೇಲೆ ಜಿಗಿತ, ಜಿಗಿದು ಬಲವಾಗಿ ಹೊಡೆಯುವ ಸ್ಪೈಕ್. ಕೋರ್ಟಿಗಿಳಿಯುವ ಮುನ್ನ ಕಪಾಲಭಾತಿ ಬೇಡವೇ ಬೇಡ. ಕೆಲವರಿಗೆ ತಲೆ ಸುತ್ತುತ್ತದೆ.

ಆಸನ ಎಲ್ಲರಿಗೂ ಒಂದೇ ಅಳತೆಯದೂ ಅಲ್ಲ. ವರ್ಷಗಟ್ಟಲೆ ಸ್ಪೈಕ್ ಮಾಡಿದವರ ಹೊಡೆಯುವ ತೋಳು ಸಾಮಾನ್ಯವಾಗಿ ಹೊರಕ್ಕೆ ಹೆಚ್ಚು ತಿರುಗುತ್ತದೆ, ಒಳಕ್ಕೆ ಕಡಿಮೆ. ಒಂದು ಕೈ ಮೇಲಿಂದ, ಇನ್ನೊಂದು ಕೆಳಗಿಂದ ಬೆನ್ನ ಹಿಂದೆ ಕೂಡಿಸುವ ಗೋಮುಖಾಸನದಲ್ಲಿ ಆ ಕೈ ಕೆಳಗಿದ್ದಾಗ ಬೆರಳು ಕೂಡಿಸಲೇಬೇಕೆಂದು ಹಟ ಹಿಡಿದರೆ ಭುಜದ ಮುಂಭಾಗ ನೋಯುತ್ತದೆ. ಎರಡು ಕೈಗಳ ನಡುವೆ ಹಿಡಿಯಲು ಟವೆಲ್ ಕೊಟ್ಟು, ನೋವು ಶುರುವಾಗುವ ಮೊದಲೇ ನಿಲ್ಲಿಸಲು ಯೋಗದ ಮೇಷ್ಟ್ರಿಗೆ ಹೇಳಿಡಿ. ಯಾರ ಭುಜ ಯಾವುದೆಂದು ಅವರಿಗೆ ಯಾರೂ ತಿಳಿಸಿರುವುದಿಲ್ಲ.