ರಾತ್ರಿ 9ಕ್ಕೆ ಕಾಡಿನ ಗೇಟು ಮುಚ್ಚುತ್ತದೆ: ಮನೆಯವರ ಜೊತೆ ಕಾರಲ್ಲಿ ಊಟಿಗೆ ಹೋಗುವವರಿಗೆ

ಗೂಡಲೂರು ದಾಟಿ ಕಾಡು ಶುರುವಾಗುವ ಗೇಟಿನ ಮುಂದೆ ನಮ್ಮ ಕಾರು ನಿಂತಾಗ ರಾತ್ರಿ 9 ಗಂಟೆ 12 ನಿಮಿಷ. ಹಿಂದಿನ ಸೀಟಿನಲ್ಲಿ ಅತ್ತೆ, ಮಾವ, ಅವರ ಮಧ್ಯೆ ನಿದ್ದೆ ಹೋದ ಮಗಳು. ನಮ್ಮ ಯಜಮಾನರು ಇಳಿದು ಹೋಗಿ ಕೇಳಿದರು. ಗೇಟಿನಲ್ಲಿದ್ದವರು ಕನ್ನಡದಲ್ಲೇ ಹೇಳಿದರು, "ಇಲ್ಲ ಸರ್, ಬೆಳಿಗ್ಗೆ ಆರಕ್ಕೆ ಬನ್ನಿ." ಮಾವನಿಗೆ ಬಿಪಿ ಇದೆ ಎಂದೂ ಹೇಳಿ ನೋಡಿದೆವು. ಅವರು ಬೇಸರದಿಂದಲೇ ತಲೆ ಆಡಿಸಿದರು. ಅವರದ್ದೇನೂ ತಪ್ಪಿರಲಿಲ್ಲ. ಊಟಿಯಿಂದ ತಡವಾಗಿ ಹೊರಟವರು ನಾವು.

ಬೆಂಗಳೂರಿನಿಂದ ಊಟಿಗೆ ಹೋಗುವ ಎಷ್ಟೋ ಮನೆಯವರು ಹೋಟೆಲ್ ಬುಕ್ ಮಾಡುತ್ತಾರೆ, ತಿಂಡಿ ಕಟ್ಟಿಕೊಳ್ಳುತ್ತಾರೆ. ಚೆಕ್‌ಪೋಸ್ಟ್‌ಗೆ ಅಂತ ಸಮಯ ಎತ್ತಿಡುವುದಿಲ್ಲ. ನಾವೂ ಇಟ್ಟಿರಲಿಲ್ಲ. ಈಗ ಮೂರು ಸಲ ಹೋಗಿ ಬಂದಿದ್ದೇವೆ. ಈ ದಾರಿಯಲ್ಲಿ ಯಾರು ಎಲ್ಲಿ ನಿಲ್ಲಿಸುತ್ತಾರೆ, ಏನು ಕೇಳುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಮೊದಲು ಬೆಂಗಳೂರು-ಮೈಸೂರು ಹೆದ್ದಾರಿ. ಇಲ್ಲಿ ನಿಲ್ಲಿಸುವುದಕ್ಕಿಂತ ಕ್ಯಾಮೆರಾ ನೋಡುವುದೇ ಜಾಸ್ತಿ. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ದಾಟಿದರೆ, ಸೀಟ್ ಬೆಲ್ಟ್ ಹಾಕದಿದ್ದರೆ, ಚಲನ್ ಮೊಬೈಲಿಗೆ ಬರುತ್ತದೆ. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು ಎನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ನಮ್ಮತ್ತೆ "ಹಿಂದೆ ಕೂತವರಿಗ್ಯಾಕಮ್ಮಾ ಇದು" ಅಂತ ಕೇಳುತ್ತಿದ್ದರು. ದಂಡದ ಮಾತು ಬಿಟ್ಟುಬಿಡಿ. ಬ್ರೇಕ್ ಹೊಡೆದರೆ ಹಿಂದಿನವರು ಮುಂದಿನ ಸೀಟಿಗೆ ಬಡಿಯುತ್ತಾರೆ ಅಂತ ಕೂತು ಹೇಳಿದ ಮೇಲೆ ಅವರೇ ಮೊದಲು ಹಾಕಿಕೊಳ್ಳುತ್ತಾರೆ.

ಮೈಸೂರು, ನಂಜನಗೂಡು ದಾಟಿದ ಮೇಲೆ ಪೊಲೀಸರು ಬ್ಯಾರಿಕೇಡ್ ಹಾಕಿ ನಿಂತಿರುವುದು ಸಾಮಾನ್ಯ. ಕೇಳುವುದು ನಾಲ್ಕೇ: ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಸರ್ಟಿಫಿಕೇಟ್. ಮೊದಲ ಸಲ ಹೋದಾಗ ನಾವು ಸಿಕ್ಕಿಬಿದ್ದದ್ದು ಆ ನಾಲ್ಕನೆಯದರಲ್ಲಿ. ಹತ್ತು ದಿನದ ಹಿಂದೆ ಅವಧಿ ಮುಗಿದಿತ್ತು. ಯಾವಾಗಲೋ ಒಮ್ಮೆ ಮಾಡಿಸುವ ಕೆಲಸ ಆದ್ದರಿಂದ ಮರೆತೇ ಹೋಗುತ್ತದೆ. ದಂಡ ಕಟ್ಟಿದೆವು, ರಸೀದಿ ಕೊಟ್ಟರು, ಹೊರಟೆವು. ಹೊರಡುವ ಹಿಂದಿನ ವಾರವೇ ನಾಲ್ಕೂ ದಿನಾಂಕ ನೋಡಿಬಿಡಿ.

ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಸಾಕು. ಮೋಟಾರು ವಾಹನ ನಿಯಮಗಳಲ್ಲೇ ಅದಕ್ಕೆ ಅವಕಾಶ ಇದೆ. ವಾಟ್ಸಾಪ್‌ನಲ್ಲಿ ಇಟ್ಟುಕೊಂಡ ಫೋಟೋ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಆದರೂ ನಾನು ಅಸಲು ಕಾಗದಗಳನ್ನು ಒಂದು ಫೈಲಿನಲ್ಲಿ ಹಾಕಿ ಡ್ಯಾಶ್‌ಬೋರ್ಡ್‌ನಲ್ಲಿ ಇಡುತ್ತೇನೆ. ಬಂಡೀಪುರದ ಹತ್ತಿರ ನೆಟ್‌ವರ್ಕ್ ಸಿಗುವುದೇ ಕಷ್ಟ. ಆ್ಯಪ್ ಸುತ್ತುತ್ತಾ ಇರುತ್ತದೆ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತವೆ, ಮಗು ಅಳುತ್ತದೆ. ಫೈಲ್ ಕೈಗೆ ಸಿಗುವಂತಿದ್ದರೆ ಎರಡು ನಿಮಿಷದ ಕೆಲಸ.

ನಿಲ್ಲಿಸಿದಾಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಇಂಡಿಕೇಟರ್ ಹಾಕಿ ರಸ್ತೆಯಿಂದ ಪೂರ್ತಿ ಎಡಕ್ಕೆ ನಿಲ್ಲಿಸುವುದು. ಕಿಟಕಿ ಇಳಿಸುವುದು. ರಾತ್ರಿಯಾದರೆ ಒಳಗಿನ ದೀಪ ಹಾಕುವುದು. ಮಾತಾಡುವುದು ಓಡಿಸುವವರು ಒಬ್ಬರೇ, ಕಾಗದ ಕೊಡುವುದು ನಾನು. ಮಾವ ಹಿಂದಿನಿಂದ "ನಮ್ಮ ಕಡೆಯವರೊಬ್ಬರು ಡಿಪಾರ್ಟ್‌ಮೆಂಟಲ್ಲೇ ಇದ್ದಾರೆ" ಅಂತ ಶುರುಮಾಡುತ್ತಿದ್ದರು. ಪ್ರೀತಿಯಿಂದಲೇ ಬೇಡ ಅಂದೆವು. ಮಕ್ಕಳಿಗೆ "ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಅಂತ ಹೆದರಿಸಿ ಬೆಳೆಸಬೇಡಿ. ನಮ್ಮ ಮಗಳು ಮೊದಲ ಸಲ ಅದಕ್ಕೇ ಅತ್ತಿದ್ದು. ಈಗ ಅವಳೇ ಅವರಿಗೆ ಟಾಟಾ ಮಾಡುತ್ತಾಳೆ.

ನಮ್ಮ ಹಕ್ಕೂ ಗೊತ್ತಿರಬೇಕು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಕೆಳಗೆ ಬಿದ್ದು ಮೂರು ವರ್ಷದ ಮಗು ಜೀವ ಕಳೆದುಕೊಂಡಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆ ಕೊಟ್ಟರು: ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ದಾಖಲೆ ನೋಡಲೆಂದೇ ವಾಹನ ತಡೆಯಬಾರದು, ಕೀ ಕಿತ್ತುಕೊಳ್ಳಬಾರದು. ದಂಡ ಹಾಕಿದರೆ ರಸೀದಿ ಅಥವಾ ಇ-ಚಲನ್ ಕೇಳಿ ಪಡೆಯಿರಿ. ಬೇರೊಂದು ದಾರಿಯಲ್ಲಿ ಒಮ್ಮೆ ಒಬ್ಬರು ರಸೀದಿ ಇಲ್ಲದೆ ದುಡ್ಡು ಕೇಳಿದ್ದರು. ನಮ್ಮ ಯಜಮಾನರು ದನಿ ಏರಿಸದೆ, "ಚಲನ್ ಹಾಕಿಬಿಡಿ ಸರ್, ಕಟ್ಟುತ್ತೇವೆ" ಅಂದರು. ಸ್ವಲ್ಪ ಹೊತ್ತು ನೋಡಿ ಬಿಟ್ಟರು. ಜಗಳಕ್ಕಿಂತ ಆ ಒಂದು ಮಾತು ಕೆಲಸ ಮಾಡುತ್ತದೆ. ನಿಜಕ್ಕೂ ಭಯವಾದರೆ 112ಕ್ಕೆ ಫೋನ್ ಮಾಡಿ.

ಗುಂಡ್ಲುಪೇಟೆಯಲ್ಲಿ ದಾರಿ ಕವಲಾಗುತ್ತದೆ, ಒಂದು ವಯನಾಡಿಗೆ, ಇನ್ನೊಂದು ಬಂಡೀಪುರದ ಮೇಲೆ ಊಟಿಗೆ. ಎರಡೂ ಹುಲಿ ಕಾಡಿನೊಳಗೆ ಹಾದುಹೋಗುತ್ತವೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಎರಡರಲ್ಲೂ ಸಂಚಾರ ಇಲ್ಲ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ಮತ್ತು ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ರಾತ್ರಿ ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು, ಅದಕ್ಕೇ ಈ ನಿಯಮ. ಗೇಟಿನಲ್ಲಿ ಬೇಡಿಕೊಳ್ಳುವುದು ಸರಿಯಲ್ಲ ಅಂತ ನಮಗೀಗ ಅನ್ನಿಸುತ್ತದೆ. ಕಾಡಿನೊಳಗೆ ಇಳಿಯುವುದು, ಫೋಟೋಗೆ ನಿಲ್ಲಿಸುವುದು, ಜಿಂಕೆಗೆ ಬಿಸ್ಕತ್ತು ಎಸೆಯುವುದು ಬೇಡವೇ ಬೇಡ. ದಂಡವೂ ಬೀಳುತ್ತದೆ. ಮಕ್ಕಳಿಗೆ ಬಾತ್‌ರೂಮು ಗುಂಡ್ಲುಪೇಟೆಯಲ್ಲೇ ಮುಗಿಸಿ.

ಕೆಕ್ಕನಹಳ್ಳದಲ್ಲಿ ತಮಿಳುನಾಡು ಶುರು. ಇಲ್ಲಿ ಕೇಳುವುದು ಇ-ಪಾಸ್. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೊರಗಿನ ವಾಹನಗಳಿಗೆ ಇದು ಬೇಕು. ತಮಿಳುನಾಡು ಸರ್ಕಾರದ ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮೊಬೈಲ್ ನಂಬರ್, ಗಾಡಿ ನಂಬರ್, ಎಷ್ಟು ಜನ, ಯಾವ ದಿನ ಅಂತ ತುಂಬಬೇಕು. ಬಂದ ಕ್ಯೂಆರ್ ಕೋಡ್ ಪ್ರಿಂಟ್ ತೆಗೆದುಕೊಳ್ಳಿ, ಸ್ಕ್ರೀನ್‌ಶಾಟೂ ಇರಲಿ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6000, ವಾರಾಂತ್ಯಕ್ಕೆ 8000 ವಾಹನ ಅಂತ ಮಿತಿಯನ್ನೂ ಹಾಕಿದ್ದರು. ಗೇಟಿಗೆ ಬಂದು ಮಾಡಿಕೊಳ್ಳೋಣ ಅಂದುಕೊಂಡು ಬರಬೇಡಿ. ಹೊರಡುವ ಮುಂಚೆ ಆಗಿನ ನಿಯಮ ಏನಿದೆ ಅಂತ ಸೈಟಿನಲ್ಲೇ ಒಮ್ಮೆ ನೋಡಿ.

ಅಲ್ಲೇ ಪ್ಲಾಸ್ಟಿಕ್ ಕೂಡ ಹುಡುಕುತ್ತಾರೆ. ನೀರಿನ ಬಾಟಲಿ, ಕ್ಯಾರಿಬ್ಯಾಗ್ ಸಿಕ್ಕರೆ ಕಿತ್ತಿಟ್ಟುಕೊಳ್ಳುತ್ತಾರೆ. ಅತ್ತೆ ಪುಳಿಯೋಗರೆಯನ್ನು ಸ್ಟೀಲ್ ಡಬ್ಬಿಯಲ್ಲಿ, ನೀರನ್ನು ಸ್ಟೀಲ್ ಬಾಟಲಿಯಲ್ಲಿ ತಂದಿದ್ದರು. ನಮ್ಮ ಡಿಕ್ಕಿ ತೆಗೆದು ನೋಡಿ ಒಂದೇ ನಿಮಿಷಕ್ಕೆ ಬಿಟ್ಟರು. ಬಾಡಿಗೆ ಟ್ಯಾಕ್ಸಿಯಲ್ಲಿ ಹೋಗುವವರು ತಮಿಳುನಾಡಿನ ಪರ್ಮಿಟ್, ಟ್ಯಾಕ್ಸ್ ಕಟ್ಟಿದ್ದೀರಾ ಅಂತ ಡ್ರೈವರನ್ನು ಮೊದಲೇ ಕೇಳಿ. ಅದರಲ್ಲಿ ಎಡವಟ್ಟಾದರೆ ಕಾಯುವುದು ಮನೆಯವರೆಲ್ಲರೂ.

ಹೋಗುವಾಗ ಮಸಿನಗುಡಿ ಕಡೆಯಿಂದ ಕಲ್ಲಟ್ಟಿ ಘಾಟಿ ಹತ್ತಬಹುದು. 36 ತಿರುವು, ತುಂಬಾ ಕಡಿದು. ಬೆಟ್ಟದಲ್ಲಿ ಓಡಿಸಿ ಅಭ್ಯಾಸ ಇದ್ದರೆ ಮಾತ್ರ. ಬರುವಾಗ ಹೊರಗಿನ ಗಾಡಿಗಳನ್ನು ಆ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲ. ಬ್ರೇಕ್ ಕಾದು ಫೇಲಾಗಿ ಅಲ್ಲಿ ಅಪಘಾತಗಳಾಗಿವೆ. ಹಾಗಾಗಿ ವಾಪಸ್ ಬರಲು ಗೂಡಲೂರೇ ದಾರಿ, ಅದು ಸುತ್ತು. ನಮ್ಮ ಲೆಕ್ಕ ತಪ್ಪಿದ್ದು ಇಲ್ಲೇ. ಹೋದಷ್ಟೇ ಹೊತ್ತಿನಲ್ಲಿ ಬರುತ್ತೇವೆ ಅಂದುಕೊಂಡು ಸಂಜೆ ಐದೂವರೆಗೆ ಊಟಿ ಬಿಟ್ಟೆವು. ಘಾಟಿಯಲ್ಲಿ ಮಂಜು, ಗಾಡಿಗಳ ಸಾಲು, ಮಗಳಿಗೆ ವಾಂತಿ. ಮಧ್ಯಾಹ್ನ ಊಟ ಮಾಡಿ ಎರಡಕ್ಕೆಲ್ಲ ಹೊರಟುಬಿಡಿ.

ಆ ರಾತ್ರಿ ಗೂಡಲೂರಿಗೆ ತಿರುಗಿ ಹೋಗಿ ಒಂದು ಲಾಡ್ಜ್‌ನಲ್ಲಿ ಎರಡು ರೂಮು ಹಿಡಿದೆವು. ಮಾವನ ಮಾತ್ರೆಗಳು ಅತ್ತೆಯ ಕೈಚೀಲದಲ್ಲೇ ಇದ್ದವು, ಅದೊಂದು ಪುಣ್ಯ. ಒಂದು ದಿನಕ್ಕೆ ಜಾಸ್ತಿ ಮಾತ್ರೆ, ಮಕ್ಕಳಿಗೆ ಒಂದು ಜೊತೆ ಬಟ್ಟೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿಗೆ ಬಂದಾಗ ಲಾರಿಗಳು ಆಗಲೇ ಸಾಲುಗಟ್ಟಿದ್ದವು. ಆರಕ್ಕೆ ಸರಿಯಾಗಿ ಗೇಟು ತೆಗೆದರು. ರಾತ್ರಿ ಬೇಡ ಅಂದವರೇ ನಿಂತಿದ್ದರು. ಮಾವನನ್ನು ನೋಡಿ, "ಹೇಗಿದ್ದೀರಿ ಅಜ್ಜಾ?" ಅಂತ ಕೇಳಿ ಕೈ ಎತ್ತಿದರು.