ಮರಣದಂಡನೆಯ ನೂಲುನಕ್ಷೆ: 2019ರ ಮೊಳೆಯ ಕಾಟ ತೀರಿತು

ಮರಣದಂಡನೆಯ ಬಗ್ಗೆ ಜನಾಭಿಪ್ರಾಯ ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಯಿತೆಂದು ಹಲಗೆಯ ಮೇಲೆ ಮೊಳೆ ಹೊಡೆದು, ನೂಲು ಕಟ್ಟಿ ತೋರಿಸುವ ನಕ್ಷೆ ಇದು. ಹಲಗೆ ಉಜ್ಜಿದ್ದು, ಬಣ್ಣ ಬಳಿದದ್ದು, ಮೊಳೆ ಹೊಡೆದದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಟ್ಟುಬಿಡುತ್ತೇನೆ. ಶೇಕಡಾ ಒಂದಕ್ಕೆ 5 ಮಿಲಿಮೀಟರ್ ಎತ್ತರ. ಪರ ಇರುವವರಿಗೆ ಕೆಂಪು ನೂಲು, ವಿರೋಧಿಗಳಿಗೆ ನೀಲಿ. ಅಂಕಿಗಳು ಅಮೆರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯವು. ಕೊಲೆಗಾರನಿಗೆ ಮರಣದಂಡನೆ ಸರಿಯೇ ಎಂದು ಅವರು ಕೇಳತೊಡಗಿದ್ದು 1936ರಲ್ಲಿ.

1966 ಸೊಗಸಾಗಿ ಬಂದಿದೆ. ಪರ 42, ವಿರೋಧ 47. ಹಲಗೆಯ ಉದ್ದಕ್ಕೂ ನೀಲಿ ಮೇಲೇರುವುದು ಅಲ್ಲಿ ಮಾತ್ರ. 1994ರಲ್ಲಿ ಕೆಂಪು 80ಕ್ಕೆ ಜಿಗಿಯುತ್ತದೆ. ಆ ಏರಿಗೆ ನೂಲು ಬಿಗಿದರೆ ಮೊಳೆಗಳೇ ವಾಲುತ್ತವೆ. ಪೊಟ್ಟಣದ ಮೇಲೆ ‘ಉಕ್ಕು’ ಎಂದು ಅಚ್ಚು ಹಾಕಿದವರಿಗೆ ನನ್ನ ನಮಸ್ಕಾರ.

ತಲೆ ತಿಂದದ್ದು 2019. ಆ ವರ್ಷ ಮರಣದಂಡನೆಯ ಪರ ಶೇಕಡಾ 56 ಮಂದಿ. ಆದರೆ ಅದೇ ಸಂಸ್ಥೆ, ಅದೇ ವರ್ಷ ಇನ್ನೊಂದು ಬಗೆಯಲ್ಲೂ ಕೇಳಿತು: ಮರಣದಂಡನೆಯೋ, ಬಿಡುಗಡೆಯೇ ಇಲ್ಲದ ಜೀವಾವಧಿಯೋ, ಯಾವುದು ಮೇಲು? ಜೀವಾವಧಿ ಎಂದವರು 60, ಮರಣದಂಡನೆ ಎಂದವರು 36. ಕೆಂಪು ನೂಲಿಗೆ 56ಕ್ಕೂ 36ಕ್ಕೂ ನಡುವೆ ಒಂದೇ ಮೊಳೆಸಾಲಿನಲ್ಲಿ 100 ಮಿಲಿಮೀಟರ್ ಅಂತರ! ಎರಡರ ಸರಾಸರಿ ಎಳೆಯಿರಿ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. 46 ಎಂದು ಯಾರೂ ಹೇಳಿಲ್ಲವಲ್ಲ, ಸ್ವಾಮಿ. ಚುಕ್ಕೆಗೆರೆ ಮಾಡೋಣವೆಂದರೆ ನೂಲಿನಲ್ಲಿ ಚುಕ್ಕೆ ಬರುವುದಿಲ್ಲ. ಮೊದಲ ಪ್ರಶ್ನೆಯಷ್ಟೇ ಸಾಕೆಂದರೆ, ಅದೇ ಹೌದು ಎಂದವರಲ್ಲಿ ಹಲವರು ಇನ್ನೊಂದು ದಾರಿ ಕಂಡೊಡನೆ ಆಚೆ ದಾಟುತ್ತಾರೆಂಬುದೇ ಮರೆಯಾಗುತ್ತದೆ. ನನಗೆ ಬೇಕಾದದ್ದೇ ಅದು.

ದಾರಿ ಸಿಕ್ಕಿದ್ದು ಮೊಳೆಯ ಉದ್ದದಲ್ಲಿ. ಎರಡನೆಯ ಪ್ರಶ್ನೆ ಕೇಳಿದ ವರ್ಷಗಳಿಗೆಲ್ಲ ಉದ್ದ ಮೊಳೆ ಹೊಡೆದು, ಅದರ ಉತ್ತರವನ್ನು ಹಲಗೆಯಿಂದ ಎರಡು ಬೆರಳು ಮುಂದಕ್ಕೆ ಕಟ್ಟಿದೆ. ಪಕ್ಕದಿಂದ ನೋಡಿದರೆ ಎರಡು ಪದರವೂ ಬೇರೆ ಬೇರೆಯಾಗಿ ಕಾಣುತ್ತವೆ, ಎದುರಿನಿಂದ ಸಿಕ್ಕಾಗುತ್ತವೆ. ಆಗಲಿ, ವಿಷಯವೂ ಹಾಗೆಯೇ ಇದೆ.

ಅಮೆರಿಕದ ಇನ್ನೊಂದು ಸಮೀಕ್ಷಾ ಸಂಸ್ಥೆಯಾದ ಪ್ಯೂನ ಅಂಕಿಗಳನ್ನು ಇದರಲ್ಲಿ ಬೆರೆಸುವುದಿಲ್ಲ. 2020ರಲ್ಲಿ ಅವರು ಆನ್‌ಲೈನ್‌ನಲ್ಲಿ ಕೇಳಿದಾಗ ಪರ 65, ದೂರವಾಣಿಯಲ್ಲಿ ಕೇಳಿದಾಗ 52. ಅದಕ್ಕೆ ಮೂರನೆಯ ಪದರ ಬೇಕಾದೀತು, ಅಷ್ಟುದ್ದದ ಮೊಳೆ ನನ್ನಲ್ಲಿಲ್ಲ.

ಮುಂದಿನ ಹಲಗೆ ಬ್ರಿಟನ್ನಿನದು. ಕೊಲೆಗೆ ಗಲ್ಲನ್ನು ಅಲ್ಲಿನ ಸಂಸತ್ತು 1965ರಲ್ಲಿ ತಡೆಹಿಡಿದು 1969ರಲ್ಲಿ ಆ ತಡೆಯನ್ನು ಕಾಯಂ ಮಾಡಿತು. ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಸಮೀಕ್ಷೆಯಲ್ಲಿ ಮರಣದಂಡನೆಗೆ ಬೆಂಬಲ ಅರ್ಧಕ್ಕಿಂತ ಕೆಳಗಿಳಿದದ್ದು 2014ರಲ್ಲಿ, ಅದೂ 48ಕ್ಕೆ. ಕಾನೂನಿಗೆ ತಾಮ್ರದ ತಂತಿ ಹಾಕುವ ಆಲೋಚನೆಯಿದೆ. ಅದಕ್ಕೂ ಮೊದಲು ನೂಲಿನವರು ಒಂದೇ ಸಂಖ್ಯೆಯಡಿ ಕಳಿಸಿದ ಎರಡು ಬಗೆಯ ಕೆಂಪಿನಲ್ಲಿ ಒಂದನ್ನು ವಾಪಸ್ ತೆಗೆದುಕೊಳ್ಳಬೇಕು.