ಕರಡು ತಿದ್ದುವವರ ಮಾನಿಟರ್: ಒತ್ತಕ್ಷರ ಮೊದಲು, ಇಂಚು ಆಮೇಲೆ

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಆಗಾಗ ಪುಟ ಕಟ್ಟುವ ಕೆಲಸವೂ ಇರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮನೆಗೆ ಬಂದ ಈ ಕೆಲಸ ಮನೆಯಲ್ಲೇ ನಿಂತಿತು. ಪ್ರಕಾಶಕರು ಬೆಂಗಳೂರಿನಲ್ಲಿ, ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿ. ನಡುವೆ ಓಡಾಡುವುದು ಪಿಡಿಎಫ್ ಮಾತ್ರ. ಈಚೆಗೆ ಈ ಕೆಲಸ ಶುರು ಮಾಡಿದವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಲ್ಯಾಪ್‌ಟಾಪ್ ಪರದೆ ಸಾಲುತ್ತಿಲ್ಲ, ಯಾವ ಮಾನಿಟರ್ ತಗೊಳ್ಳಲಿ?

ಎಲ್ಲೆಡೆ ಸಿಗುವ ಸಲಹೆ ಹೆಚ್ಚಾಗಿ ಗೇಮ್ ಆಡುವವರಿಗೋ ವಿಡಿಯೊ ಎಡಿಟ್ ಮಾಡುವವರಿಗೋ ಹೇಳಿದ್ದು. ಎಷ್ಟು ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ), ಎಷ್ಟು ಬಣ್ಣ, ಪರದೆ ಬಾಗಿದೆಯಾ ಇಲ್ಲವಾ ಅಂತ. ದಿನವಿಡೀ ಕನ್ನಡ ಅಕ್ಷರ ದಿಟ್ಟಿಸುವವರಿಗೆ ಬೇಕಾದದ್ದು ಬೇರೆ. ಅದನ್ನು ಹೇಳುವವರು ಕಡಿಮೆ. ಹಾಗಾಗಿ ಕೆಲಸದಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಕನ್ನಡದ ಸಾಲು ಉದ್ದಕ್ಕೆ ಮಾತ್ರ ಸಾಗುವುದಿಲ್ಲ, ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬಂದರೆ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ನಾವು ಹುಡುಕುವ ತಪ್ಪುಗಳಲ್ಲಿ ದೊಡ್ಡ ಪಾಲು ಅಡಗಿರುವುದು ಈ ಕೆಳಗಿನ ಪುಟ್ಟ ಜಾಗದಲ್ಲೇ. ‘ಬುದ್ಧಿ’ ಇರಬೇಕಾದಲ್ಲಿ ‘ಬುದ್ದಿ’ ಇರುತ್ತದೆ. ‘ಶ್ರೇಷ್ಠ’ ಇರಬೇಕಾದಲ್ಲಿ ‘ಶ್ರೇಷ್ಟ’ ಇರುತ್ತದೆ. ದ ಮತ್ತು ಧ ನಡುವೆ ಇರುವುದು ಅಡಿಯ ಒಂದು ಸಣ್ಣ ಸೀಳು. ಪ ಮತ್ತು ಷ ನಡುವೆ ಇರುವುದು ಒಂದು ಗೀಟು. ಅದೇ ಅಕ್ಷರ ಒತ್ತಾಗಿ ಕೆಳಗಿಳಿದಾಗ ಆ ಸೀಳು, ಆ ಗೀಟು ಇನ್ನೂ ಸಣ್ಣದಾಗುತ್ತವೆ.

ಈಗ ಸ್ವಲ್ಪ ಲೆಕ್ಕ. ಪುಸ್ತಕದ ಅಕ್ಷರ 12 ಪಾಯಿಂಟ್ ಅಂದುಕೊಳ್ಳಿ. ಅಂದರೆ ಒಂದು ಇಂಚಿನ ಆರನೇ ಒಂದು ಭಾಗ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿಯ ಲೇಸರ್ ಪ್ರಿಂಟರ್ ಆ ಎತ್ತರದಲ್ಲಿ 100 ಚುಕ್ಕಿ ಇಡುತ್ತದೆ. ಪರದೆಯ ಚುಕ್ಕಿಗೆ ಪಿಕ್ಸೆಲ್ ಅನ್ನುತ್ತಾರೆ. 24 ಇಂಚಿನ ಫುಲ್ ಎಚ್‌ಡಿ (1920 ಪಿಕ್ಸೆಲ್ ಅಗಲ, 1080 ಎತ್ತರ) ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್ ಇರುತ್ತವೆ. ಹಾಗಾಗಿ ಅದೇ ಎತ್ತರಕ್ಕೆ ಸಿಗುವುದು 15 ಪಿಕ್ಸೆಲ್. ಅದರಲ್ಲೇ ತಲೆಕಟ್ಟು, ಅಕ್ಷರ, ಒತ್ತು ಎಲ್ಲ ಹಂಚಿಕೊಳ್ಳಬೇಕು. ಒತ್ತಿನ ಪಾಲಿಗೆ ನಾಲ್ಕೈದು ಪಿಕ್ಸೆಲ್ ಬಂದರೆ ಹೆಚ್ಚು. ನಾಲ್ಕೈದು ಪಿಕ್ಸೆಲ್‌ನಲ್ಲಿ ‘ದ್ಧ’ದ ಸೀಳು ಬಿಡಿಸುವುದು ಯಾವ ಫಾಂಟ್‌ಗೂ ಕಷ್ಟ. ಬೂದು ಬಣ್ಣದ ಒಂದು ಮಸುಕು ಕಾಣುತ್ತದೆ, ಅದನ್ನು ನಮ್ಮ ಮನಸ್ಸು ‘ಸರಿಯಾದ ಅಕ್ಷರ’ ಅಂತ ಓದಿಕೊಂಡು ಮುಂದೆ ಹೋಗುತ್ತದೆ. ಇಂಗ್ಲಿಷ್ ಓದುವವರಿಗೆ ಅಷ್ಟೇ ಪಿಕ್ಸೆಲ್ ಸಾಕಾಗುತ್ತದೆ, ಅವರ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ನೇತಾಡುವುದಿಲ್ಲ. ಅದಕ್ಕೇ ಅವರು ‘ಚೆನ್ನಾಗಿದೆ’ ಅಂದ ಮಾನಿಟರ್ ನಮಗೆ ಚೆನ್ನಾಗಿರಲೇಬೇಕು ಅಂತ ಇಲ್ಲ.

ಇದು ನನಗೆ ಮನದಟ್ಟಾದದ್ದು ಹಿಂದೆ ಇದ್ದ ಒಂದು ತಂಡದಲ್ಲಿ. ಕಣ್ಣಿಗೆ ಆರಾಮ ಆಗಲಿ ಅಂತ ಸಂಸ್ಥೆಯವರು ಎಲ್ಲರ ಮನೆಗೂ 27 ಇಂಚಿನ ಮಾನಿಟರ್ ಕಳಿಸಿದರು. ದೊಡ್ಡ ಪರದೆ ನೋಡಿ ಎಲ್ಲರಿಗೂ ಖುಷಿ. ಆದರೆ ಅದೂ ಫುಲ್ ಎಚ್‌ಡಿಯೇ. ಅಷ್ಟೇ ಪಿಕ್ಸೆಲ್‌ಗಳನ್ನು ದೊಡ್ಡ ಜಾಗಕ್ಕೆ ಹರಡಿದಾಗ ಇಂಚಿಗೆ 82ಕ್ಕೆ ಇಳಿಯಿತು. ಅಕ್ಷರ ದೊಡ್ಡದಾಯಿತು, ಸ್ಪಷ್ಟ ಆಗಲಿಲ್ಲ. ಪರದೆಯಲ್ಲಿ ಕಣ್ಣು ತಪ್ಪಿಸಿಕೊಂಡು ಬಂದ ಒತ್ತಿನ ತಪ್ಪುಗಳು ಕಾಗದದ ಪ್ರಿಂಟ್‌ನಲ್ಲಿ ಸಿಗತೊಡಗಿದವು. ಅದೇ ಪುಟವನ್ನು 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ತಪ್ಪು ಸುಲಭವಾಗಿ ಕಾಣುತ್ತಿತ್ತು. ಅಲ್ಲೂ ಫುಲ್ ಎಚ್‌ಡಿಯೇ, ಆದರೆ ಇಂಚಿಗೆ 157 ಪಿಕ್ಸೆಲ್. ತಿದ್ದುವವರು ಅವರೇ, ಕಡತವೂ ಅದೇ. ಬದಲಾದದ್ದು ಪರದೆ ಮಾತ್ರ.

‘ಜೂಮ್ ಮಾಡಿದರಾಯಿತಲ್ವಾ?’ ಅಂತ ಕೇಳುತ್ತಾರೆ. ಮಾಡಬಹುದು, ನಾವೂ ಮಾಡುತ್ತೇವೆ. ಆದರೆ ಜೂಮ್ ಮಾಡಿದಾಗ ಪುಟ ಕಳೆದುಹೋಗುತ್ತದೆ. ಕರಡಿನಲ್ಲಿ ಅಕ್ಷರದಷ್ಟೇ ಪುಟವನ್ನೂ ನೋಡಬೇಕು. ಪ್ಯಾರಾದ ಕೊನೆಯ ಒಂದೇ ಸಾಲು ಮುಂದಿನ ಪುಟಕ್ಕೆ ಒಂಟಿಯಾಗಿ ಹೋಗಿದೆಯಾ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆಯಾ, ಎದುರುಬದುರು ಪುಟಗಳ ಸಾಲು ಸಮ ಇದೆಯಾ. ಇವೆಲ್ಲ ಪುಟ ಅಸಲಿ ಅಳತೆಯಲ್ಲಿ ಇಡಿಯಾಗಿ ಕಂಡಾಗಲೇ ಗೊತ್ತಾಗುವುದು. ಅಕ್ಷರವೂ ಬಿಡಿಬಿಡಿಯಾಗಿ ಕಾಣಬೇಕು, ಪುಟವೂ ಪೂರ್ತಿ ಕಾಣಬೇಕು. ಎರಡೂ ಒಟ್ಟಿಗೆ ಬೇಕು ಅನ್ನುವುದೇ ಈ ಕೆಲಸದ ಕಷ್ಟ, ಮಾನಿಟರ್ ಆರಿಸುವ ದಾರಿಯೂ ಅದೇ.

ಅಳತೆ ಎಷ್ಟು ಬೇಕು? ನೀವು ನೋಡುವ ಪುಟವನ್ನೇ ಕೇಳಿ. ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್. 24 ಇಂಚು ಅಂತ ಮಾರುವ ಮಾನಿಟರ್‌ಗಳ ಪರದೆ ಎತ್ತರ ಹೆಚ್ಚುಕಮ್ಮಿ ಅಷ್ಟೇ. ಮೇಲಿನ ಮೆನು, ಕೆಳಗಿನ ಪಟ್ಟಿ ಕಳೆದರೆ ಎ4 ಅಸಲಿ ಅಳತೆಯಲ್ಲಿ ಪೂರ್ತಿ ಹಿಡಿಸುವುದಿಲ್ಲ. 27 ಇಂಚಿನದಾದರೆ ಎತ್ತರ ಸುಮಾರು 33.6 ಸೆಂಟಿಮೀಟರ್, ಅಗಲ 60ರ ಹತ್ತಿರ. ಎರಡು ಎ4 ಪುಟ ಪಕ್ಕಪಕ್ಕ ಕೂತು ಬದಿಯಲ್ಲಿ ಇನ್ನೂ ಜಾಗ ಉಳಿಯುತ್ತದೆ. ಬರೀ 1/8 ಡೆಮಿ (ಸಾಮಾನ್ಯ ಕಥೆ-ಕಾದಂಬರಿಯ ಅಳತೆ) ಪುಸ್ತಕ ಮಾಡುವವರಿಗೆ 24 ಇಂಚು ಧಾರಾಳ ಸಾಕು. ಪಠ್ಯಪುಸ್ತಕ, ಪತ್ರಿಕೆ, ಸ್ಮರಣ ಸಂಚಿಕೆ ಮಾಡುವವರು 27ಕ್ಕೆ ಹೋಗಿ.

ಹಾಗಾಗಿ ನಾನು ಹೇಳುವುದು 27 ಇಂಚಿನ 4ಕೆ (3840 ಪಿಕ್ಸೆಲ್ ಅಗಲ, 2160 ಎತ್ತರ). ಇಂಚಿಗೆ 163 ಪಿಕ್ಸೆಲ್. ಆಗ ಅದೇ 12 ಪಾಯಿಂಟ್ ಅಕ್ಷರಕ್ಕೆ 27 ಪಿಕ್ಸೆಲ್ ಸಿಗುತ್ತದೆ. ‘ದ್ದ’ ಮತ್ತು ‘ದ್ಧ’ ಹುಡುಕಬೇಕಾಗಿಲ್ಲ, ತಾನಾಗಿ ಕಣ್ಣಿಗೆ ಬೀಳುತ್ತದೆ. ಬೆಲೆ 24 ಇಂಚಿನ ಫುಲ್ ಎಚ್‌ಡಿಯ ಎರಡು ಪಟ್ಟಿಗೂ ಜಾಸ್ತಿ ಆಗಬಹುದು. ಪುಟಕ್ಕೆ ಇಷ್ಟು ಅಂತ ದುಡಿಯುವವರಿಗೆ ಅದು ಸಣ್ಣ ಮೊತ್ತ ಅಲ್ಲ ಅಂತ ಗೊತ್ತು. ಆಗದಿದ್ದರೆ ಒಳ್ಳೆಯ 24 ಇಂಚಿನ ಫುಲ್ ಎಚ್‌ಡಿ ತಗೊಳ್ಳಿ, ಕೊನೆಯ ಕರಡನ್ನು ಕಾಗದದಲ್ಲಿ ನೋಡಿ. 27 ಇಂಚಿನ ಫುಲ್ ಎಚ್‌ಡಿ ಮಾತ್ರ ಬೇಡ, ಎಷ್ಟೇ ಕಡಿಮೆಗೆ ಬಂದರೂ ಬೇಡ. ಮ್ಯಾಕ್ ಬಳಸುವವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅಕ್ಷರದ ಅಂಚನ್ನು ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಭಾಗಗಳನ್ನು ಬಳಸಿ ನಯಗೊಳಿಸುವ ತಂತ್ರವನ್ನು 2018ರ ಮೊಹಾವೆ ಆವೃತ್ತಿಯಲ್ಲಿ ಆಪಲ್ ಕೈಬಿಟ್ಟಿತು. ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ ಅನ್ನುವ ಅದೇ ಬಗೆಯ ತಂತ್ರ ಈಗಲೂ ಇದೆ. ಕಡಿಮೆ ಪಿಕ್ಸೆಲ್‌ನ ಮಾನಿಟರ್‌ಗೆ ಮ್ಯಾಕ್ ಜೋಡಿಸಿದರೆ ಅಕ್ಷರ ಮಂಜಾಗಿ ಕಾಣುವುದು ಅದಕ್ಕೇ.

4ಕೆಗೆ ಒಂದು ಅಡ್ಡಿ ಇದೆ. ಅದು ನಮ್ಮ ಕ್ಷೇತ್ರದವರಿಗೇ ಹೆಚ್ಚು ತಟ್ಟುವಂಥದ್ದು. ಕನ್ನಡದ ಎಷ್ಟೋ ಮುದ್ರಣಾಲಯಗಳಲ್ಲಿ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಇನ್ನೂ ಓಡುತ್ತಿದೆ, ಹಳೆಯ ನುಡಿ ಫಾಂಟ್‌ಗಳ ಜೊತೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಇಷ್ಟೊಂದು ಪಿಕ್ಸೆಲ್ ಇರುವ ಪರದೆ ಬರುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. 4ಕೆ ಮಾನಿಟರ್‌ನಲ್ಲಿ ವಿಂಡೋಸ್ ಎಲ್ಲವನ್ನೂ 150 ಶೇಕಡಾಕ್ಕೆ ಹಿಗ್ಗಿಸುತ್ತದೆ. ಹೊಸ ತಂತ್ರಾಂಶಗಳು ಅದಕ್ಕೆ ತಕ್ಕಂತೆ ಅಕ್ಷರವನ್ನು ಹೊಸದಾಗಿ ಬಿಡಿಸುತ್ತವೆ. ಹಳೆಯವು ಹಾಗೆ ಮಾಡುವುದಿಲ್ಲ. ಅವುಗಳ ಕಿಟಕಿಯನ್ನು ಚಿತ್ರದಂತೆ ಎಳೆದು ದೊಡ್ಡದು ಮಾಡಲಾಗುತ್ತದೆ, ಎಲ್ಲವೂ ಮಸುಕು. ಇನ್ನು ಹಿಗ್ಗಿಸುವುದನ್ನು ನಿಲ್ಲಿಸಿದರೆ ಮೆನು ಇರುವೆಯಷ್ಟಾಗುತ್ತದೆ. ತಂತ್ರಾಂಶದ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಹೈ ಡಿಪಿಐ ಸೆಟ್ಟಿಂಗ್ ಬದಲಿಸಿದರೆ ಕೆಲವೊಮ್ಮೆ ಸುಧಾರಿಸುತ್ತದೆ, ಪೂರ್ತಿ ಸರಿಹೋಗುತ್ತದೆ ಅಂತ ನೆಚ್ಚಬೇಡಿ.

ನಿಮ್ಮ ದಿನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪೇಜ್‌ಮೇಕರ್‌ನಲ್ಲೇ ಆಗುವುದಾದರೆ 27 ಇಂಚಿನ, 1440 ಪಿಕ್ಸೆಲ್ ಎತ್ತರದ ಮಾನಿಟರ್ ನೋಡಿ. ಪೆಟ್ಟಿಗೆ ಮೇಲೆ ‘ಕ್ಯುಎಚ್‌ಡಿ’ ಅಂತ ಬರೆದಿರುತ್ತಾರೆ. ಇಂಚಿಗೆ 109 ಪಿಕ್ಸೆಲ್. ಹಿಗ್ಗಿಸುವ ಗೋಜೇ ಇಲ್ಲದೆ 100 ಶೇಕಡಾದಲ್ಲಿ ಓಡುತ್ತದೆ, ಹಳೆಯ ತಂತ್ರಾಂಶಕ್ಕೂ ತೊಂದರೆ ಇಲ್ಲ. ಯುನಿಕೋಡ್ ಫಾಂಟ್‌ನಲ್ಲಿ, ಪುಟ ಕಟ್ಟುವ ಹೊಸ ತಂತ್ರಾಂಶ ಇನ್‌ಡಿಸೈನ್‌ನಲ್ಲಿ, ಪಿಡಿಎಫ್‌ನಲ್ಲಿ ಕೆಲಸ ಮಾಡುವವರಿಗೆ 4ಕೆಯೇ ಸರಿ.

ಪರದೆಯ ಒಳಗಿನ ಪ್ಯಾನೆಲ್ ವಿಷಯದಲ್ಲಿ ಜಾಸ್ತಿ ಯೋಚನೆ ಬೇಡ, ಐಪಿಎಸ್ ಅನ್ನುವ ಬಗೆಯದು ತಗೊಳ್ಳಿ. ಓಎಲ್‌ಇಡಿ ಅನ್ನುವ ಇನ್ನೊಂದು ಬಗೆ ಸಿನಿಮಾಕ್ಕೆ ಚೆಂದ. ಆದರೆ ಅದರಲ್ಲಿ ಪಿಕ್ಸೆಲ್‌ನ ಬಣ್ಣಗಳ ಜೋಡಣೆ ಹಲವು ಮಾದರಿಗಳಲ್ಲಿ ಬೇರೆ ಥರ ಇರುತ್ತದೆ. ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣಬಹುದು. ದಿನವಿಡೀ ಅದೇ ಮೆನು ಅದೇ ಜಾಗದಲ್ಲಿ ನಿಂತರೆ ಅಚ್ಚು ಉಳಿಯುವ ಭಯವೂ ಇದೆ. ಹರ್ಟ್ಸ್ 60 ಇದ್ದರೆ ಸಾಕು. ಮನೆಯಲ್ಲಿರುವ 32 ಇಂಚಿನ ಟಿವಿಗೇ ಜೋಡಿಸಬಹುದಾ ಅಂತ ಕೇಳುವವರಿದ್ದಾರೆ. ಅಂಥ ಟಿವಿಗಳಲ್ಲಿ ಬಹಳಷ್ಟು 1366ಕ್ಕೆ 768 ಪಿಕ್ಸೆಲ್‌ನವು, ಇಂಚಿಗೆ 49. ಕರಡಿಗೆ ಅದು ಆಗುವುದಿಲ್ಲ.

ಕೇಬಲ್ ಮಾತ್ರ ಮೊದಲೇ ನೋಡಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ 1.4 ಆಗಿದ್ದರೆ 4ಕೆ ಚಿತ್ರ 30 ಹರ್ಟ್ಸ್‌ನಲ್ಲಿ ಮಾತ್ರ ಬರುತ್ತದೆ. ಮೌಸ್ ಎಳೆದರೆ ಹಿಂದೆ ಬಿದ್ದಂತೆ ಅನಿಸುತ್ತದೆ, ಪುಟ ಉರುಳಿಸಿದರೆ ತಲೆ ಭಾರ. 60 ಹರ್ಟ್ಸ್ ಬೇಕೆಂದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಯುಎಸ್‌ಬಿ-ಸಿ ಇದ್ದರೆ ಇನ್ನೂ ಒಳ್ಳೆಯದು, ಒಂದೇ ತಂತಿಯಲ್ಲಿ ಚಿತ್ರವೂ ಚಾರ್ಜೂ ಆಗುತ್ತದೆ. ಆದರೆ ಎಲ್ಲ ಯುಎಸ್‌ಬಿ-ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ. ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆ ಹಾಕಿ ತಯಾರಕರ ವಿವರದಲ್ಲಿ ನೋಡಿದ ಮೇಲೆಯೇ ದುಡ್ಡು ಕೊಡಿ.

ಮಲೆನಾಡಿನಲ್ಲಿ ಕೂತು ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಮಾನಿಟರ್‌ಗೆ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ತಕ್ಷಣ ದೊಡ್ಡ ಪರದೆ ಕಪ್ಪಾಗಿ, ತೆರೆದ ಕಿಟಕಿಗಳೆಲ್ಲ ಸಣ್ಣ ಪರದೆಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ಯಾವ ಪುಟದ ಯಾವ ಸಾಲಿನಲ್ಲಿ ಇದ್ದೆ ಅನ್ನುವುದೇ ತಪ್ಪಿಹೋಗುತ್ತದೆ. ಇಂಥ ಮಾನಿಟರ್ ತಿನ್ನುವುದು ಸಾಮಾನ್ಯವಾಗಿ 20ರಿಂದ 40 ವಾಟ್, ಹಳೆಯ ಸೀಲಿಂಗ್ ಫ್ಯಾನಿಗಿಂತ ಕಡಿಮೆ. ಹಾಗಾಗಿ ಮನೆಯ ಇನ್ವರ್ಟರ್ ಲೈನಿಗೆ ಧೈರ್ಯವಾಗಿ ಹಾಕಿ. ಇನ್ವರ್ಟರ್‌ನಲ್ಲಿ ‘ಯುಪಿಎಸ್’ ಸ್ವಿಚ್ ಇದ್ದರೆ ಅದನ್ನೇ ಆರಿಸಿ, ಬದಲಾಗುವ ಆ ಕ್ಷಣದಲ್ಲಿ ಪರದೆ ಆರುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಳ ತೆರೆದೇ ಇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಕೆಲಸ ಉಳಿಸಿ, ಪ್ಲಗ್ ಕಿತ್ತುಬಿಡಿ. ಇಂಟರ್‌ನೆಟ್ ತಂತಿಯನ್ನೂ ಕಿತ್ತುಬಿಡಿ.

ಹಂಚಿನ ಮನೆಯಾದರೆ ಬೆಳಕಿನ ಕಡೆಗೂ ಗಮನ ಇರಲಿ. ಗಾಜಿನ ಹಂಚಿನಿಂದ ಇಳಿಯುವ ಬಿಸಿಲು ದಿನವಿಡೀ ಜಾಗ ಬದಲಿಸುತ್ತಿರುತ್ತದೆ. ಮಿರಿಮಿರಿ ಹೊಳೆಯುವ ಪರದೆ ಬೇಡ, ಮ್ಯಾಟ್ ಇರಲಿ. ಕಿಟಕಿ ಬೆನ್ನ ಹಿಂದೆಯೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ಎತ್ತರ ಹೊಂದಿಸಲು ಬರುವ ಸ್ಟ್ಯಾಂಡ್‌ಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು. ಓದಲು ಕನ್ನಡಕದ ಕೆಳಭಾಗ ಬಳಸುವವರು ಇನ್ನೂ ಸ್ವಲ್ಪ ಕೆಳಗಿಳಿಸಿ, ಇಲ್ಲದಿದ್ದರೆ ಗದ್ದ ಎತ್ತಿ ಎತ್ತಿ ಕುತ್ತಿಗೆ ನೋಯುತ್ತದೆ. ನಮ್ಮ ಕೆಲಸದಲ್ಲಿ ಇರುವವರು ಹೆಚ್ಚಿನವರು ಆ ವಯಸ್ಸಿನವರೇ.

ಕೊಳ್ಳುವ ಮೊದಲು ಸಾಧ್ಯವಾದರೆ ಅಂಗಡಿಗೆ ಹೋಗಿ ನೋಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೇಳಿದರೆ ಜೋಡಿಸಿ ತೋರಿಸುವ ಅಂಗಡಿಗಳಿವೆ. ಅಲ್ಲಿ ಓಡುವ ಬಣ್ಣಬಣ್ಣದ ವಿಡಿಯೊ ನೋಡಬೇಡಿ, ಅದರಲ್ಲಿ ಎಲ್ಲ ಮಾನಿಟರೂ ಚೆಂದವೇ. ನಿಮ್ಮದೇ ಒಂದು ಕರಡಿನ ಪಿಡಿಎಫ್ ಅನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅದರ ಮೊದಲ ಪುಟದಲ್ಲಿ ಯುದ್ಧ, ಉದ್ದ, ಕಷ್ಟ, ನಿಷ್ಠೆ, ಸಾಮರ್ಥ್ಯ, ಉದ್ಘಾಟನೆ ಅಂತ ನೀವು ದಿನಾ ಎದುರಿಸುವ ಪದಗಳನ್ನು ಒಂದು ಸಾಲು ಹಾಕಿಕೊಳ್ಳಿ. ಅಸಲಿ ಅಳತೆಯಲ್ಲಿ ತೆರೆದು, ಒಂದು ಮಾರು ಅಲ್ಲ, ಒಂದು ತೋಳಿನಷ್ಟು ದೂರ ಕೂತು ಓದಿ. ಪರದೆಯ ಕಡೆ ಬಾಗದೆ ಒತ್ತು ಗುರುತು ಸಿಕ್ಕಿತಾ ಅನ್ನುವುದಷ್ಟೇ ಪರೀಕ್ಷೆ. ಅನುಸ್ವಾರ ಮತ್ತು ಕನ್ನಡದ ಸೊನ್ನೆಯನ್ನು ಈ ಸಾಲಿಗೆ ಸೇರಿಸಬೇಡಿ. ಹಲವು ಫಾಂಟ್‌ಗಳಲ್ಲಿ ಅವೆರಡೂ ಒಂದೇ ಆಕಾರ, ಯಾವ ಮಾನಿಟರೂ ಬೇರೆ ಮಾಡಿ ತೋರಿಸಲಾರದು. ಅದಕ್ಕೆ ತಂತ್ರಾಂಶದ ‘ಹುಡುಕು’ (ಫೈಂಡ್) ಆಜ್ಞೆಯೇ ಬೇಕು.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಬಂದ ದಿನವೇ ಬರೀ ಬಿಳಿ, ಬರೀ ಕಪ್ಪು ಪುಟ ತೆರೆದು ಸತ್ತ ಪಿಕ್ಸೆಲ್ ಇದೆಯಾ ನೋಡಿ. ಒಂದೆರಡು ಇದ್ದರೆ ಬದಲಿಸಿ ಕೊಡದ ಕಂಪನಿಗಳಿವೆ. ಆದರೆ ವಾಪಸ್ ಕಳಿಸುವ ಅವಧಿಯೊಳಗೆ ಹೇಳಿದರೆ ಮಾರಿದವರು ತೆಗೆದುಕೊಳ್ಳುವ ಸಾಧ್ಯತೆ ಜಾಸ್ತಿ. ಆ ಅವಧಿ ಮುಗಿಯುವ ತನಕ ಪೆಟ್ಟಿಗೆ, ಥರ್ಮೊಕೋಲ್ ಎಸೆಯಬೇಡಿ. ಊರಿನಲ್ಲಿರುವವರು ಇನ್ನೊಂದು ಕೇಳಿಕೊಳ್ಳಿ: ರಿಪೇರಿಗೆ ಜನ ನಿಮ್ಮ ಪಿನ್‌ಕೋಡ್‌ಗೆ ಬರುತ್ತಾರಾ, ಅಥವಾ ನೀವೇ ಹೊತ್ತುಕೊಂಡು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕಾ? ಮೂರು ವರ್ಷದ ವಾರಂಟಿ ಅಂತ ಬರೆದಿದ್ದರೂ ಈ ಒಂದು ವಿಷಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗಲೇ ತಿಳಿಯುವುದು.